ಅಕ್ಕನ ಪಟಕ್ಕೆ ಎರಡು ಮೊಳೆ

ಆ ಪಟವನ್ನು ನಾನು ಪ್ರೀತಿಯಿಂದ ಬರೆದುಕೊಟ್ಟೆ ಎಂದು ಹನಗೋಡಿನವರು ಇವತ್ತಿಗೂ ನಂಬಿದ್ದಾರೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಪ್ರೀತಿ, ಅರ್ಧ ಸಿಟ್ಟು. ಪ್ರೀತಿ ಅಕ್ಕನ ಮೇಲೆ, ಸಿಟ್ಟು ಫ್ಲೆಕ್ಸ್ ಮೇಲೆ.

ಹುಣಸೂರಿನಲ್ಲಿ ನನ್ನದು ಬೋರ್ಡ್ ಬರೆಯುವ ಕಸುಬು. ಒಂದು ಕಾಲಕ್ಕೆ ಈ ಕಡೆ ಪಿರಿಯಾಪಟ್ಟಣ, ಆ ಕಡೆ ಕೆ.ಆರ್. ನಗರದವರೆಗೆ ಅಂಗಡಿಗಳ ಹೆಸರು, ಟೆಂಪೋ ಬೆನ್ನಿನ ‘ತಾಯಿಯ ಆಶೀರ್ವಾದ’, ದೇವಸ್ಥಾನದ ಗೋಡೆಯ ಲಕ್ಷ್ಮಿ ಸರಸ್ವತಿ, ಎಲ್ಲವೂ ನನ್ನ ಕೈಯವೇ. ಆಮೇಲೆ ಫ್ಲೆಕ್ಸ್ ಬಂತು. ನಾನು ಮೂರು ದಿನ ಕೂತು ಬರೆಯುವುದನ್ನು ಆ ಮಿಷನ್ನು ಒಂದು ಕಾಫಿ ಕುಡಿಯುವಷ್ಟರಲ್ಲಿ ಉಗುಳತೊಡಗಿತು. ಈಗ ನನಗೆ ಉಳಿದಿರುವುದು ಶಾಲೆಯ ಗೋಡೆ, ಟ್ರ್ಯಾಕ್ಟರ್ ನಂಬರು ಮತ್ತು ದೇವರು. ದಾರಿಯಲ್ಲಿ ಫ್ಲೆಕ್ಸ್ ಕಂಡರೆ ನಿಂತು ಅದರ ಕಾಗುಣಿತದ ತಪ್ಪು ಹುಡುಕುತ್ತೇನೆ. ಒಂದೂ ಸಿಗದಿದ್ದರೆ ಅವತ್ತು ಊಟ ರುಚಿಸುವುದಿಲ್ಲ.

ಅಕ್ಕ ನನಗೆ ಒಡಹುಟ್ಟಿದವರಲ್ಲ. ಹನ್ನೆರಡು ವರ್ಷದ ಹಿಂದೆ ಹನಗೋಡಿನ ಶಾಲೆಯ ಗೋಡೆಗೆ ಬರೆಯಲು ಹೋದಾಗ ಸಿಕ್ಕಿದವರು. ಅವರ ಮನೆ ಶಾಲೆಯ ಎದುರಿಗೇ. ನಾನು ಭಾರತದ ನಕಾಶೆ ಬರೆದು ಸುತ್ತ ಸಮುದ್ರ ತುಂಬುತ್ತಿದ್ದೆ. ಮಧ್ಯಾಹ್ನಕ್ಕೆ ಒಂದು ಬನ್ನು, ಒಂದು ಟೀ. ಎರಡು ದಿನ ಅದನ್ನು ನೋಡಿ ಸುಮ್ಮನಿದ್ದ ಅಕ್ಕ ಮೂರನೆಯ ದಿನ ರಸ್ತೆ ದಾಟಿ ಬಂದರು.

“ಬನ್ನು ತಿನ್ಕಂಡು ಏಣಿ ಅತ್ತೀಯಲ್ಲ, ತಲೆ ಸುತ್ತಿ ಬಿದ್ರೆ ನಮ್ ಇಸ್ಕೂಲ್ಗೆ ಕೆಟ್ಟೆಸ್ರು ಕಣ್ಲಾ. ಇಳಿ ಕೆಳಕ್ಕೆ.”

ಇಳಿದೆ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಶಾಲೆಯ ಕೆಲಸ ಮುಗಿಯುವವರೆಗೆ ದಿನವೂ ಹಾಗೆಯೇ ಆಯಿತು. ಅಲ್ಲಿಂದಾಚೆಗೆ ಆ ಊರಿನ ಮೇಲೆ ಹಾದು ಅವರ ಮನೆಯಲ್ಲಿ ಉಣ್ಣದೆ ಹೋದರೆ ಮುಂದಿನ ಸಲ ಬೈಗುಳ ಕಾದಿರುತ್ತಿತ್ತು. ಅಕ್ಕನ ಬೈಗುಳಕ್ಕೆ ಸಣ್ಣವರು ದೊಡ್ಡವರು ಎಂಬ ಭೇದವಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ತಂದವನು, ಡೈರಿಯವನು, ಓಟು ಕೇಳಲು ಬಂದವನು, ಹಾಲು ಕೊಡದ ಎಮ್ಮೆ, ಎಲ್ಲರಿಗೂ ಸರಿಸಮ. ಬೈದ ಮೇಲೆ ಊಟವಂತೂ ಖಾತ್ರಿ.

ಹೋದ ವರ್ಷ ಅಕ್ಕ ಜ್ವರ ಎಂದು ಮೈಸೂರಿನ ಆಸ್ಪತ್ರೆ ಸೇರಿ, ಎರಡು ವಾರ ನರಳಿ ತೀರಿಕೊಂಡರು. ನನಗೆ ಗೊತ್ತಾದದ್ದು ಮೂರನೆಯ ದಿನ. ಅಳುತ್ತಲೇ ಬಸ್ಸು ಹತ್ತಿ ಹೋದೆ. ಹೋಗಿ ನೋಡಿದರೆ ಮನೆಯ ಮುಂದೆ ಎರಡಾಳೆತ್ತರದ ಫ್ಲೆಕ್ಸ್.

ಅಕ್ಕನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಅವರಿಗೆ ನಾಲ್ಕು ಬೈದು ಅಡುಗೆಮನೆ ಸೇರುತ್ತಿದ್ದರು. ಮಗಳ ಮದುವೆಯ ಆಲ್ಬಮ್ಮಿನಲ್ಲೂ ಬಗ್ಗಿ ಬಡಿಸುತ್ತಿರುವ ಬೆನ್ನು ಮಾತ್ರ ಇದೆ. ಹಾಗಾಗಿ ಮಗ ಆಧಾರ್ ಕಾರ್ಡನ್ನೇ ಫ್ಲೆಕ್ಸ್ ಅಂಗಡಿಗೆ ಕೊಟ್ಟಿದ್ದ. ಆಧಾರ್ ಫೋಟೋದಲ್ಲಿ ಯಾರು ತಾನೇ ಮನುಷ್ಯರಂತೆ ಕಂಡಿದ್ದಾರೆ? ಅಕ್ಕ ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು. ಅಂಗಡಿಯವನು ಆ ಮುಖಕ್ಕೆ ಬಿಳಿ ಬಳಿದು, ತುಟಿಗೆ ಕೆಂಪು ಹಾಕಿ, ಯಾರದೋ ಕುತ್ತಿಗೆಯ ಮೇಲೆ ಕೂರಿಸಿ, ಯಾರದೋ ರೇಷ್ಮೆ ಸೀರೆ ಉಡಿಸಿದ್ದ. ಕೆಳಗೆ ‘ಮತ್ತೆ ಹುಟ್ಟಿ ಬಾ ತಾಯಿ’ ಎಂದು ಬರೆದಿತ್ತು. ಈ ಮುಖ ಹೊತ್ತು ಹುಟ್ಟಿ ಬರಲು ಅಕ್ಕ ಖಂಡಿತ ಒಪ್ಪುತ್ತಿರಲಿಲ್ಲ.

ಸಾವಿನ ಮನೆ ಎಂಬುದನ್ನೂ ಮರೆತು ಅಕ್ಕನ ಮಗನ ಮೇಲೆ ಹರಿಹಾಯ್ದೆ. “ಇದು ನಿಮ್ಮವ್ವನಾ? ಇಳಿಸಯ್ಯ ಇದನ್ನ. ಹನ್ನೊಂದ್ನೇ ದಿನ ತಿಥಿಗೆ ನಾನೇ ಪಟ ಬರ್ಕಂಡು ತತ್ತೀನಿ. ನಿಜವಾದ ಪಟ.”

ಜಗಲಿಯ ಮೇಲೆ ಅಕ್ಕನ ಯಜಮಾನರು ಕೂತಿದ್ದರು. ಆರಡಿಗೂ ಮೀರಿದ ಆಳು, ಸ್ವಂತ ಮನೆಯ ಬಾಗಿಲಲ್ಲೂ ಬಗ್ಗಿ ಬರಬೇಕಾದವರು. ಅವರು ತಲೆಯೆತ್ತಿ ನನ್ನ ಮುಖ ನೋಡಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ಬರುವ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಮೂವತ್ತು ವರ್ಷದಲ್ಲಿ ನಾನು ಒಬ್ಬ ಮನುಷ್ಯ ಹೆಂಗಸಿನ ಮುಖವನ್ನೂ ಬರೆದಿರಲಿಲ್ಲ. ಬರೆದವರೆಲ್ಲ ದೇವರ ಹೆಂಡಿರು.

ಆದರೂ ಒಂದು ಪ್ಲೈವುಡ್ ಹಲಗೆಗೆ ಪ್ರೈಮರ್ ಬಳಿದು, ಆಧಾರ್ ಕಾರ್ಡಿನ ಜೆರಾಕ್ಸ್ ಎದುರಿಗಿಟ್ಟುಕೊಂಡು ಕೂತೆ. ಮೂಗು, ಹಣೆ, ಕಿವಿಯ ಓಲೆ, ಎಲ್ಲ ಅಳತೆ ಪ್ರಕಾರವೇ ಬಂತು. ಕಣ್ಣಿಗೆ ಬಂದಾಗ ಕೈ ತನಗೆ ಅಭ್ಯಾಸವಾದ ದಾರಿ ಹಿಡಿಯಿತು. ಹಿಂದೆ ಗೋಡೆಯಿರಲಿ ಎಂದು ತಲೆಯ ಸುತ್ತ ಹಳದಿ ಬಣ್ಣ ಕೊಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಪಟದ ಮುಂದೆ ಊದುಬತ್ತಿ ಉರಿಯುತ್ತಿತ್ತು, ಮೇಲೆ ಒಂದು ದಾಸವಾಳ ಇತ್ತು.

“ಯಾವ ದೇವಸ್ಥಾನದ್ದು ಇದು? ಅಮ್ಮ ಬಲು ಕಳೆಯಾಗವಳೆ,” ಎಂದಳು ನನ್ನ ಹೆಂಡತಿ.

ಅದು ಹನಗೋಡಿನ ಅಕ್ಕ ಎಂದೆ. ಅವಳು ನನ್ನನ್ನೂ ಪಟವನ್ನೂ ಒಂದೊಂದು ಸಲ ನೋಡಿ, ಊದುಬತ್ತಿಯನ್ನು ಕಿತ್ತು ದೇವರ ಗೂಡಿಗೆ ಸಿಕ್ಕಿಸಿದಳು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಆದರೆ ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮನೆಯವರಿಗೆ ಒಮ್ಮೆ ತೋರಿಸಿಯೇ ಬಿಡೋಣ ಎಂದು ಆರನೆಯ ದಿನ ಅದನ್ನು ಪೇಪರಿನಲ್ಲಿ ಸುತ್ತಿ ಬಸ್ಸು ಹತ್ತಿದೆ.

ಬಸ್ಸು ಊರು ದಾಟುವಷ್ಟರಲ್ಲಿ ಗಾಳಿಗೆ ಪೇಪರು ಹರಿಯಿತು. ಪಟವನ್ನು ಕಾಲ ಹತ್ತಿರ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಂದವನು ಟಿಕೆಟ್ ಕೊಡುವ ಮೊದಲು ಗದರಿದ. “ಏನ್ ಸ್ವಾಮಿ, ವಯಸ್ಸಾದೋರು, ಅಮ್ಮನವ್ರನ್ನ ಕಾಲ್ ಕೆಳಗೆ ಮಡಿಕೊಂಡಿದ್ದೀರಲ್ಲ.” ಮುಂದಿನ ಸೀಟಿನ ಅಜ್ಜಿ ಎದ್ದು ಜಾಗ ಬಿಟ್ಟರು. ನನಗಲ್ಲ, ಪಟಕ್ಕೆ. ಅಕ್ಕ ಕಿಟಕಿ ಪಕ್ಕ ಕೂತರು, ನಾನು ಕಂಬಿ ಹಿಡಿದು ನಿಂತೆ. ಹತ್ತಿದವರೆಲ್ಲ ಕೈ ಮುಗಿದರು. ಇಬ್ಬರು ಹೆಂಗಸರು ಕೆನ್ನೆ ಬಡಿದುಕೊಂಡರು. ಇದು ತೀರಿಕೊಂಡವರ ಪಟ ಎಂದು ಹೇಳುವ ಧೈರ್ಯ ಆ ಬಸ್ಸಿನಲ್ಲಿ ಯಾರಿಗೂ ಬರುತ್ತಿರಲಿಲ್ಲ, ನನಗೂ ಬರಲಿಲ್ಲ.

ಮನೆಯ ಬಾಗಿಲಲ್ಲಿ ಸೊಸೆ ಎದುರಾದಳು. ಪಟ ನೋಡಿದವಳೇ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. “ಯಾವ್ದಣ್ಣ ಈ ಅಮ್ಮ? ಚಂದಾ ಎತ್ತಾಕೆ ಬಂದ್ರಾ?”

“ನಿಮ್ಮತ್ತೆ ಕಣವ್ವ.”

ಅವಳು ಮುಗಿದ ಕೈಯನ್ನು ಹಾಗೆಯೇ ಬಾಯಿಗೆ ಅಡ್ಡ ತಂದುಕೊಂಡಳು. ಅಳುವೋ ನಗುವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದ ಮಗಳು ಹೊರಗೆ ಬಂದಳು, ಮಗನೂ ಬಂದ. ಇದು ಅವ್ವನಲ್ಲ ಎಂದು ಮುಖದ ಮೇಲೆ ಹೇಳಲು ಇಬ್ಬರಿಗೂ ಸಂಕೋಚ. ಹಾಗಾಗಿ ಬೇರೆ ಬೇರೆ ರಿಪೇರಿ ಹೇಳತೊಡಗಿದರು. ಮಗಳಿಗೆ ಕತ್ತಿನಲ್ಲಿ ಎರಡೆಳೆ ಸರ ಬೇಕು. ಬದುಕಿದ್ದಾಗ ಅವ್ವ ಹಾಕಿರಲಿಲ್ಲವಲ್ಲ ಎಂದರೆ “ಅದಕ್ಕೇ ಕಣಣ್ಣ, ಈಗ್ಲಾದ್ರೂ ಆಕ್ಕಳ್ಳಿ” ಎಂದಳು. ಮಗನಿಗೆ ಇನ್ನೊಂದು ಸ್ವಲ್ಪ ಬೆಳ್ಳಗೆ ಬೇಕು. ಎಷ್ಟು ಬೆಳ್ಳಗೆ ಎಂದರೆ ಫ್ಲೆಕ್ಸ್‌ನಷ್ಟು ಎಂದ. 

ಯಜಮಾನರು ಕೊನೆಗೆ ಎದ್ದು ಬಂದು ಬಹಳ ಹೊತ್ತು ನೋಡಿದರು. “ಸಂದಾಗೈತೆ ಪೇಂಟ್ರಪ್ಪ. ಆದ್ರೆ ನನ್ನ ಎಂಡ್ತಿ ನನ್ನ ಇಷ್ಟು ಸಮಾಧಾನವಾಗಿ ಒಂದಿನಾನೂ ನೋಡಿಲ್ಲ ಕಣಪ್ಪ.”

ಎಲ್ಲರೂ ನಕ್ಕರು. ಸಾವಿನ ಮನೆಯಲ್ಲಿ ನಗು ಬಂದದ್ದಕ್ಕೆ ತಾವೇ ಬೆಚ್ಚಿ ಸುಮ್ಮನಾದರು. ಯಜಮಾನರು ಮಾತ್ರ ನಗಲಿಲ್ಲ. ಬಾ ಎಂದು ಕಣ್ಣಲ್ಲೇ ಕರೆದು ನನ್ನನ್ನು ಬ್ಯಾರನ್ನಿನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಸೌದೆಯ ರಾಶಿಯ ಮೇಲೆ ಕೂತು ನೆಲ ನೋಡುತ್ತಾ ಹೇಳಿದರು.

“ಯಾರ್ಗೂ ಏಳ್ಬ್ಯಾಡ. ಅವ್ಳ ಮುಖ ನನಗೆ ಗ್ಯಾನಕ್ಕೆ ಬತ್ತಿಲ್ಲ. ಕಣ್ ಮುಚ್ಚುದ್ರೆ ಆ ಆಸ್ಪತ್ರೆ ಮುಖಾನೇ ಬತ್ತದೆ, ಮೂಗ್ಗೆ ನಳಿಗೆ ಆಕಿದ್ದು. ಕಣ್ ಬುಟ್ರೆ ಆ ಫ್ಲೆಕ್ಸು. ಮಧ್ಯದಾಗೆ ನನ್ನ ಎಂಡ್ತಿ ಎಲ್ಲೋ ಓಗ್ಬುಟ್ಳು. ನಲವತ್ತೈದು ವರ್ಷ ಸಂಸಾರ ಮಾಡ್ದೋನು ಎಂಡ್ತಿ ಮುಖ ಮರ್ತವ್ನೆ ಅಂದ್ರೆ ಜನ ಉಗೀತಾರೆ. ನೀನು ಬರೀತೀನಿ ಅಂದಾಗ ಸದ್ಯ ಸಿಕ್ತಾಳೆ ಅಂದ್ಕಂಡಿದ್ದೆ.”

 ಅಷ್ಟು ಹೊತ್ತು ಫ್ಲೆಕ್ಸ್‌ನವನನ್ನು ಸೋಲಿಸುವುದೇ ನನ್ನ ತಲೆಯಲ್ಲಿತ್ತು. ಈ ಮನುಷ್ಯ ಹೆಂಡತಿಯನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದರು. ನನಗೆ ನನ್ನ ಮೇಲೇ ನಾಚಿಕೆಯಾಯಿತು. “ತಿಥಿ ಹೊತ್ಗೆ ತತ್ತೀನಿ ಯಜಮಾನ್ರೇ,” ಎಂದು ಮತ್ತೆ ಮಾತು ಕೊಟ್ಟೆ. 

ವಾಪಸು ಬರುವ ಬಸ್ಸಿನಲ್ಲೂ ಅಕ್ಕನಿಗೆ ಸೀಟು ಸಿಕ್ಕಿತು.

ಮನೆಗೆ ಬಂದು ಕಣ್ಣು ಮೂಗು ಎಲ್ಲ ಉಜ್ಜಿ ತೆಗೆದೆ. ಸಮಾಧಾನದ ಮುಖ ಬೇಡ, ಬೈಯುವ ಮುಖ ಬೇಕು. ಸರಿ, ಬೈಯುವವರನ್ನು ನೋಡಿ ಬರೆದರಾಯಿತು. ಬೈಯುವವರಿಗಾಗಿ ನಾನು ದೂರ ಹೋಗಬೇಕಾಗಿರಲಿಲ್ಲ. ಹೆಂಡತಿ ಒಲೆಯ ಮುಂದೆ ಇದ್ದಾಗ ಗ್ಯಾಸ್ ಬುಕ್ ಮಾಡಲು ಮರೆತೆ ಎಂದು ಹೇಳಿ, ಅವಳ ಮುಖ ನೋಡಿ, ಓಡಿಬಂದು ಹುಬ್ಬು ಬರೆದೆ. ಕರೆಂಟ್ ಬಿಲ್ಲಿನ ನೆಪದಲ್ಲಿ ಮೂಗಿನ ಹೊಳ್ಳೆ ಬಂತು. ಅವಳ ತಮ್ಮನ ಬಗ್ಗೆ ಒಂದು ಮಾತು ಆಡಿದ್ದಕ್ಕೆ ಬಾಯಿ, ಗದ್ದ ಎರಡೂ ಒಟ್ಟಿಗೇ ಸಿಕ್ಕವು. ಹೀಗೆ ಎರಡು ದಿನ ಬೈಸಿಕೊಂಡು ಬರೆದ ಮೇಲೆ ಮುಖಕ್ಕೆ ಜೀವ ಬಂದಿತ್ತು. ಖುಷಿಯಿಂದ ಅವಳನ್ನೇ ಕರೆದು ತೋರಿಸಿದೆ.

ಅವಳು ಸೊಂಟಕ್ಕೆ ಕೈ ಕೊಟ್ಟು ನೋಡಿದಳು. “ತಿಥಿಗೆ ಇಡೋ ಪಟ ತಾನೆ ಇದು?”

“ಹೂಂ.”

“ನಾನಿನ್ನೂ ಬದುಕಿದ್ದೀನಿ ಕಣ್ರೀ.”

ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಟರ್ಪೆಂಟೈನ್ ಬಟ್ಟೆಯಿಂದ ತನ್ನ ಮುಖವನ್ನು ತಾನೇ ಒರೆಸಿ ಹಾಕಿ, ತನಗೇ ದೃಷ್ಟಿ ತೆಗೆದುಕೊಂಡಳು ಎಂದಷ್ಟೇ ಹೇಳಬಲ್ಲೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ನನ್ನ ಹಲಗೆಯ ಮೇಲೆ ಈಗ ಮೂಗೂ ಇರಲಿಲ್ಲ, ಉಳಿದದ್ದು ಎರಡೇ ದಿನ.

ಒಂಬತ್ತನೆಯ ದಿನ ಬೆಳಿಗ್ಗೆ ಒಂದು ರೈಸ್ ಮಿಲ್ಲಿನ ಗೋಡೆಗೆ ಹೆಸರು ಬರೆಯಲು ಮೊದಲೇ ಒಪ್ಪಿಕೊಂಡಿದ್ದೆ. ಏಣಿಯ ತುದಿಯಲ್ಲಿ ನಿಂತು ‘ರೈಸ್’ ಮುಗಿಸಿದ್ದೆ. ಮನಸ್ಸು ಕೆಲಸದಲ್ಲಿರಲಿಲ್ಲ. ಬ್ರಷ್ಷಿನಿಂದ ಒಂದು ದೊಡ್ಡ ಕೆಂಪು ಹನಿ ಜಾರಿ, ಕೆಳಗೆ ಭತ್ತದ ಮೂಟೆಯ ಪಕ್ಕ ನಿಂತಿದ್ದ ಹೆಂಗಸಿನ ಹೆಗಲ ಮೇಲೆ ಬಿತ್ತು.

“ಏನ್ರೀ, ಕಣ್ ಕಾಣಕ್ಕಿಲ್ವಾ? ಒಸಾ ಸೀರೆ ಕಣ್ರೀ.”

ಕೆಳಗೆ ನೋಡಿದೆ. ಅಕ್ಕನಿಗೂ ಅವರಿಗೂ ಯಾವ ಹೋಲಿಕೆಯೂ ಇಲ್ಲ. ಆದರೆ ಗದ್ದ ಮೇಲೆತ್ತಿದ್ದರು. ಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದಿದ್ದರು. ಕಣ್ಣು ಕಿರಿದಾಗಿ ಹಣೆಯ ಗೆರೆಗಳೆಲ್ಲ ಒಂದರ ಮೇಲೊಂದು ಕೂತಿದ್ದವು. ಬಾಯಿ ಮಾತಿನ ಅರ್ಧದಲ್ಲಿ ತೆರೆದಿತ್ತು. ನಾನು ಅಕ್ಕನನ್ನು ನೋಡಿದ್ದೇ ಹೀಗೆ. ಶಾಲೆಯ ಗೋಡೆ ಬರೆದ ಆ ಒಂದು ತಿಂಗಳು ದಿನಕ್ಕೊಂದು ಸಲ, ಏಣಿಯ ಮೇಲಿನಿಂದ. ಸಮಕ್ಕೆ ನಿಂತು ಮುಖ ನೋಡಿದ್ದೇ ಕಡಿಮೆ. ಊಟಕ್ಕೆ ಕೂತ ಮೇಲಂತೂ ನಾನು ತಟ್ಟೆಯನ್ನು ಮಾತ್ರ ನೋಡುತ್ತಿದ್ದೆ.

“ತಾಯಿ, ಒಂದ್ನಿಮಿಷ ಹಂಗೇ ಬೈತಿರಿ,” ಎಂದೆ.

ಅವರು ಮಿಲ್ಲಿನವರನ್ನು ಕೂಗಿದರು. “ಬನ್ರಪ್ಪ ಇಲ್ಲಿ, ಈವಯ್ಯಂಗೆ ಬಿಸ್ಲು ತಲೆಗೇರದೆ.” ಇಳಿದು, ಸೀಮೆಎಣ್ಣೆಯಲ್ಲಿ ಅವರ ಸೆರಗು ಒರೆಸಿಕೊಟ್ಟು, ಕಾಲಿಗೆ ಬೀಳುವುದೊಂದು ಬಾಕಿ ಎಂಬಂತೆ ಕ್ಷಮೆ ಕೇಳಿ ಮನೆಗೆ ಓಡಿದೆ. ಆ ಗೋಡೆ ನಾಲ್ಕು ದಿನ ಬರೀ ‘ರೈಸ್’ ಎಂದೇ ನಿಂತಿತ್ತು.

ಇಡೀ ಪಟ ಮರುದಿನ ಸಂಜೆಯೊಳಗೆ ಮುಗಿಯಿತು.  ಹೆಂಡತಿ ಬಂದು ನೋಡಿದಳು, ಕೈ ಮುಗಿಯಲಿಲ್ಲ. “ಇವರು ನನ್ನನ್ನ ಏನೋ ಕೇಳ್ತಾವ್ರೆ,” ಎಂದಳು. ಅಷ್ಟು ಸಾಕಾಯಿತು ನನಗೆ. ತಿಥಿಗೆ ಅವಳೂ ಹೊರಟಳು. ಆ ದಿನ ಬಸ್ಸಿನಲ್ಲಿ ಪಟಕ್ಕೆ ಯಾರೂ ಸೀಟು ಬಿಡಲಿಲ್ಲ. ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಮನೆಯ ಮುಂದೆ ಶಾಮಿಯಾನ, ಒಳಗೆ ನೆಂಟರು. ಅಕ್ಕನಿಗೆ ಇಷ್ಟವಾದ ಎಲೆಅಡಿಕೆ, ಹೊಗೆಸೊಪ್ಪು, ಕಡ್ಲೆಪುರಿ ಎಲ್ಲ ಎಡೆಗೆ ಸಿದ್ಧವಾಗಿತ್ತು. ನಡುಮನೆಯಲ್ಲಿ ಪಟ ಬಿಚ್ಚಿದೆ. ಸೊಸೆ ತಟ್ಟನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾವುದೋ ಮರೆತ ಕೆಲಸ ನೆನಪಾದವಳಂತೆ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು. ಮಗಳು ಅತ್ತಳು. ಸರದ ಮಾತು ಎತ್ತಲಿಲ್ಲ.

ಒಪ್ಪದವರು ಒಬ್ಬರೇ, ಮಿರ್ಲೆಯಿಂದ ಬಂದಿದ್ದ ಅಕ್ಕನ ಅಣ್ಣ. “ಸತ್ತೋರ ಪಟದಾಗೆ ಬಾಯಿ ತೆರೆದಿರಬಾರ್ದು ಕಣಯ್ಯ. ಮನೆಗೆ ಆಗ್ಬರಲ್ಲ. ಬಾಯಿ ಮುಚ್ಸು.”

ನಾನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಯಜಮಾನರ ದನಿ ಬಂತು. “ಅವ್ಳ ಬಾಯಿ ಮುಚ್ಸಾಕೆ ನನ್ ಕೈಲೇ ಆಗ್ಲಿಲ್ಲ ಭಾವ. ಅವ್ನ ಕೈಲಿ ಆದಾತಾ?” ಆದರೆ ಅವರು ಎದ್ದು ಬರಲಿಲ್ಲ. ಕೂತಲ್ಲಿಂದ ಪಟದ ಹಿಂಬದಿ ಮಾತ್ರ ಅವರಿಗೆ ಕಾಣುತ್ತಿತ್ತು.

ತೀರಿಕೊಂಡವರ ಪಟವನ್ನು ನಮ್ಮ ಕಡೆ ಸೂರಿಗೆ ಹತ್ತಿರ, ಹಿರಿಯರ ಸಾಲಿನಲ್ಲಿ ಹಾಕುತ್ತಾರೆ. ಅವರ ಮನೆಯಲ್ಲೂ ಅತ್ತೆ ಮಾವಂದಿರ ಎರಡು ಪಟ ಬಾಗಿಲ ಮೇಲೆ ಇದ್ದವು. ಪಕ್ಕದಲ್ಲಿ ನಾನೇ ಸ್ಟೂಲು ಹತ್ತಿ ಮೊಳೆ ಹೊಡೆದು, ಅಕ್ಕನನ್ನು ನೇತುಹಾಕಿ, ಹಾರ ಹಾಕಿ, ಇಳಿದು ಹಿಂದಕ್ಕೆ ಬಂದು ನೋಡಿದೆ.

 ಕೆಳಗಿನಿಂದ ಮೇಲಕ್ಕೆ ನೋಡುವ ಮುಖವನ್ನು ಸೂರಿಗೆ ಏರಿಸಿದರೆ ಅದು ಯಾರನ್ನು ನೋಡಬೇಕು? ಅಕ್ಕ ಹುಬ್ಬಿಗೆ ಕೈ ಹಿಡಿದು, ಬಾಯಿ ತೆರೆದು, ಮನೆಯ ಹೆಂಚನ್ನು ಪರೀಕ್ಷೆ ಮಾಡುತ್ತಿದ್ದರು.

“ಜೇಡರ ಬಲೆ ನೋಡ್ತಾವ್ರೆ. ನಾನು ಗುಡಿಸ್ದೆ ಕಣತ್ತೆ, ಕಾಣ್ಲಿಲ್ಲ,” ಎಂದು ಸೊಸೆ ಪಟಕ್ಕೇ ಸಮಜಾಯಿಷಿ ಹೇಳಿದಳು. ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗಲಿಲ್ಲ, ನೆಂಟರೆಲ್ಲ ನಕ್ಕರು, ಮಿರ್ಲೆಯ ಅಣ್ಣನೂ ನಕ್ಕರು. ನನ್ನ ಹೆಂಡತಿ ಮಾತ್ರ ನನ್ನ ಮುಖ ನೋಡಿ ಪಕ್ಕಕ್ಕೆ ಬಂದು ನಿಂತಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು.

ಯಜಮಾನರು ಎದ್ದರು. ಅವರಿಗೆ ಸ್ಟೂಲು ಬೇಕಿರಲಿಲ್ಲ. ಕೈ ಚಾಚಿ ಪಟವನ್ನು ಇಳಿಸಿಕೊಂಡು, ಮುಖ ನೋಡದೆಯೇ ಹಲಗೆಯನ್ನು ತಮ್ಮ ಎದೆಗೆ ಒತ್ತಿ ಹಿಡಿದರು. ಪಟದ ಮೇಲಂಚು ಎಲ್ಲಿಗೆ ಬರುತ್ತದೆ ಎಂದು ಬಗ್ಗಿ ನೋಡಿಕೊಂಡರು. ಒಂದು ಬೆರಳು ಕೆಳಗೆ ಇಳಿಸಿದರು.

“ಇಷ್ಟೇ ಇದ್ದದ್ದು ಅವ್ಳು,” ಎಂದರು.

ನನ್ನ ಕೈಯಿಂದ ಸುತ್ತಿಗೆ, ಇನ್ನೊಂದು ಮೊಳೆ ಇಸಿದುಕೊಂಡು, ಬಾಗಿಲ ಪಕ್ಕದ ಖಾಲಿ ಗೋಡೆಗೆ ತಮ್ಮ ಎದೆಯ ಎತ್ತರದಲ್ಲಿ ತಾವೇ ಹೊಡೆದರು. ಮಕ್ಕಳ ಕೈಗೆ ಸಿಗುತ್ತದೆ, ಓಡಾಡುವವರ ಹೆಗಲು ತಗಲುತ್ತದೆ ಎಂದು ಮಗ ಹೇಳುತ್ತಲೇ ಇದ್ದ. ಅವರು ಕೇಳಿಸಿಕೊಳ್ಳಲಿಲ್ಲ. ಪಟ ಹಾಕಿ, ಅದರ ಮುಂದೆ ಒಂದು ಹೆಜ್ಜೆ ದೂರ ನಿಂತು, ತಲೆ ಬಗ್ಗಿಸಿ ನೋಡಿದರು. ಅಕ್ಕ ಕೆಳಗಿನಿಂದ ಗದ್ದ ಎತ್ತಿ, ಕಣ್ಣು ಕಿರಿದು ಮಾಡಿ, ನೇರವಾಗಿ ಗಂಡನ ಮುಖವನ್ನೇ ನೋಡುತ್ತಿದ್ದರು.

ಅವರು ಇನ್ನೂ ಸ್ವಲ್ಪ ಬಗ್ಗಿದರು. 

“ಬಂದೆ ಕಣೆ, ಬಂದೆ,” ಎಂದರು. “ಅದ್ಯಾಕಂಗೆ ಕಿರುಚ್ಕತೀಯ.”

ಆಮೇಲೆ ಗೋಡೆಗೆ ಒಂದು ಕೈ ಊರಿ, ಅಷ್ಟು ಜನರ ಎದುರಿಗೆ ಆ ಎತ್ತರದ ಮನುಷ್ಯ ಗೊಳೋ ಎಂದು ಅತ್ತರು. ನಾನೂ ಅತ್ತೆ.